ಗಾಜು ಇದೆ, ಜೋಪಾನ

"ಅಂಟಿಸು," ಎಂದ ಮೇಸ್ತ್ರಿ.

ಕಸದಕ್ಕ ಅಂಟಿಸಲಿಲ್ಲ. ಒಂದು ಕೈಯಲ್ಲಿ ಹಸಿರು ಡಬ್ಬಿಯ ಮುಚ್ಚಳ, ಇನ್ನೊಂದರಲ್ಲಿ ಕೆಂಪು ಚೀಟಿ ಹಿಡಿದು ಟೈಲರಮ್ಮನ ಗೇಟಿನ ಮುಂದೆ ನಿಂತೇ ಇದ್ದಳು. ಡಬ್ಬಿಯ ತಳದಲ್ಲಿ, ತೊಳೆದು ಒಣಗಿಸಿದ ತಗಡಿನ ಡಬ್ಬಗಳ ಪಕ್ಕ, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣವೊಂದಿತ್ತು. ಅದಕ್ಕೆ ನೀಲಿ ದಾರ ಕಟ್ಟಿ, ಮೇಲೆ ಗುಂಡಗಿನ ಅಕ್ಷರದಲ್ಲಿ ಬರೆದಿತ್ತು: ಗಾಜು ಇದೆ, ಜೋಪಾನ.

"ಗಾಜಿನ ಡಬ್ಬಿಲಿ ಕಾಗದ. ಮಿಶ್ರ ಕಸ. ಕಣ್ಣಿಗೆ ಕಾಣಲ್ವಾ ನಿಂಗೆ?"

"ಕಾಣುತ್ತೆ ಸಾರ್. ಅದರ ಮೇಲೆ ಬರೆದಿರೋದೂ ಕಾಣುತ್ತೆ. ನಿಮಗೆ ಕಾಣುತ್ತಾ?"

ಹೊಸ ನಿಯಮ ಬಂದು ತಿಂಗಳಾಗಿತ್ತು. ಮೊದಲು ಒಂದೇ ಗಾಡಿ ಬಂದು ಎಲ್ಲವನ್ನೂ ಒಟ್ಟಿಗೆ ನುಂಗಿಕೊಂಡು ಹೋಗುತ್ತಿತ್ತು. ಈಗ ಮನೆಗೆ ನಾಲ್ಕು: ಉಳಿದ ಊಟಕ್ಕೆ, ತರಕಾರಿ ಸಿಪ್ಪೆಗೆ ಕಂದು ಬಕೆಟ್ಟು, ಕಾಗದಕ್ಕೆ ನೀಲಿ ಡಬ್ಬಿ, ಗಾಜು ತಗಡಿಗೆ ಹಸಿರು, ಮಿಕ್ಕಿದ್ದಕ್ಕೆ ಬೂದು, ಅದೂ ಮೂರು ವಾರಕ್ಕೊಮ್ಮೆ. ನಿಯಮದ ಮೇಲೆ ಕಸದಕ್ಕನಿಗೆ ಮುನಿಸೇನೂ ಇರಲಿಲ್ಲ. ಕಂದು ಬಕೆಟ್ಟು ಬಂದ ಮೇಲೆ ಕೊಳೆತ ನೀರು ಅವಳ ಬೆನ್ನ ಮೇಲೆ ಸೋರುವುದು ನಿಂತಿತ್ತು. ಅದನ್ನು ಅವಳೇ ನಾಲ್ಕು ಮನೆಯಲ್ಲಿ ಹೊಗಳಿದ್ದಳು. ಸಿಟ್ಟು ಇದ್ದದ್ದು ಈ ಕೆಂಪು ಚೀಟಿಯ ಮೇಲೆ. ಮೂರು ಚೀಟಿ ಬಿದ್ದರೆ ಡಬ್ಬಿಗಳನ್ನೇ ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ಮನೆಯವರೇ ಕಸ ಹೊತ್ತು ಸೇತುವೆಯಾಚೆಯ ಕಸದ ಅಂಗಳದವರೆಗೆ ನಡೆಯಬೇಕು. ಟೈಲರಮ್ಮನದು ಮೂವತ್ತು ವರ್ಷ ಮೆಷಿನ್ ತುಳಿದ ಮಂಡಿ. ಗೇಟಿನವರೆಗೆ ಬರುವುದಕ್ಕೇ ಅವಳು ಗೋಡೆ ಹಿಡಿಯುತ್ತಾಳೆ.

ಹೋದ ವಾರ ಮೊದಲನೆಯ ಚೀಟಿಯನ್ನು ಮೇಸ್ತ್ರಿಯೇ ಅಂಟಿಸಿ ಹೋಗಿದ್ದ. ಇದು ಎರಡನೆಯದು. ಮುಂದಿನ ವಾರವೂ ಪೊಟ್ಟಣ ಇದ್ದೇ ಇರುತ್ತದೆ, ಅದು ಕಸದಕ್ಕನಿಗೆ ಗೊತ್ತು. ಟೈಲರಮ್ಮನ ಅಣ್ಣನಿಗೆ ಕೈ ನಡುಕ. ಸ್ಟೀಲಿನ ಲೋಟ ಕೊಟ್ಟರೆ ಮುಖ ತಿರುಗಿಸುತ್ತಾನೆ, ಎಷ್ಟು ಕುಡಿದೆ ಎಷ್ಟು ಉಳಿಯಿತು ಎಂದು ಕಣ್ಣಿಗೆ ಕಾಣಬೇಕಂತೆ. ವಾರಕ್ಕೊಂದು ಗಾಜಿನ ಲೋಟ ನೆಲ ಸೇರುತ್ತದೆ.

"ದಿನಕ್ಕೆ ಹತ್ತು ಚೀಟಿಯಾದ್ರೂ ಬೀಳಬೇಕಮ್ಮ," ಮೇಸ್ತ್ರಿ ದನಿ ತಗ್ಗಿಸಿದ. "ಇಲ್ಲಾಂದ್ರೆ ಮುಚ್ಚಳನೇ ತೆಗೆದಿಲ್ಲ ನೀವು ಅಂತಾರೆ ಮೇಲಿನವರು. ನನ್ನ ತಲೆ ಮೇಲೂ ಒಬ್ಬ ಕೂತಿದಾನೆ."

"ಹಾಗಾದ್ರೆ ಮೂಲೆ ಬಂಗಲೆಗೆ ಅಂಟಿಸಿ. ಅಲ್ಲಿ ಅನ್ನದ ಬಕೆಟ್ಟಲ್ಲಿ ಚಪ್ಪಲಿ ಇತ್ತು ಇವತ್ತು. ಫೋಟೋ ತೆಗೀದೇ ಬಂದ್ರಲ್ಲ, ನಿಮ್ಮ ಫೋನಿಗೆ ಕಣ್ಣುಬೇನೆಯಾ?"

ಗಾಡಿಯೊಳಗೆ ಕೂತಿದ್ದ ಡ್ರೈವರ್ ಕಿಸಕ್ಕೆಂದ. ಮೇಸ್ತ್ರಿಯ ಕಿವಿ ಕೆಂಪಾಯಿತು.

"ಬಾಯಿ ಜಾಸ್ತಿಯಾಯ್ತು ನಿಂದು. ಅಂಟಿಸ್ತೀಯೋ, ಇಲ್ಲ ನಾಳೆಯಿಂದ ಈ ರಸ್ತೆಗೆ ಬೇರೆಯವಳನ್ನ ಹಾಕಲೋ?"

ಕಸದಕ್ಕನಿಗೆ ಪಿತ್ತ ನೆತ್ತಿಗೇರಿತು. ಬಲಗೈಯ ಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು ಬಿಸಾಡಿದಳು. ಕೊಟ್ಟ ಮೂರನೆಯ ದಿನಕ್ಕೇ ಬೆರಳು ಬಾಯಿಬಿಟ್ಟಿದ್ದ ಗವಸು ಅದು. ಅಂಗೈಯನ್ನು ಅವನ ಮೂಗಿನ ಕೆಳಗೆ ಹಿಡಿದಳು. ಕಿರುಬೆರಳ ಬುಡದಿಂದ ಮಣಿಕಟ್ಟಿನವರೆಗೆ ಬಿಳಿಯ ಗಾಯದ ಗೆರೆ. ಆ ಬೆರಳು ಮಡಚುವುದಿಲ್ಲ.

"ತಗಡು ಬೇರೆ, ಗಾಜು ಬೇರೆ ಅಂತ ಡಬ್ಬಿಯೊಳಗಿಂದ ಆರಿಸೋದು ಈ ಕೈ ಸಾರ್, ನಿಮ್ಮ ಫೋನಲ್ಲ. ನಾಲ್ಕು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಒಡೆದ ಬಾಟ್ಲಿ ಹಾಗೇ ಹಾಕಿದ್ರು. ಇದೇ ಗೇಟಲ್ಲಿ ಕೂತು ಅತ್ತೆ. ಈಯಮ್ಮ ಹೊಲಿಯೋಕೆ ತಂದಿದ್ದ ಹೊಸ ಬಟ್ಟೆ ಪರ್ ಅಂತ ಹರಿದು ಕಟ್ಟಿದಳು. ಅವತ್ತಿಂದ ಈ ಮನೆ ಗಾಜು ಕಾಗದ ಸುತ್ತಿಕೊಂಡೇ ಬರುತ್ತೆ. ಅದಕ್ಕೆ ನಾನು ಚೀಟಿ ಅಂಟಿಸಬೇಕಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ!"

"ಯಾರ ಜಗಳ ಬೆಳಿಗ್ಗೆ ಬೆಳಿಗ್ಗೆ?"

ಟೈಲರಮ್ಮ ಗೋಡೆ ಹಿಡಿದುಕೊಂಡು ಬಂದಿದ್ದಳು. ಕೊರಳಲ್ಲಿ ಅಳತೆಪಟ್ಟಿ, ತೋಳಿಗೆ ಅಂಟಿದ ದಾರದ ಚೂರು. ಚೀಟಿ ನೋಡಿದಳು, ಡಬ್ಬಿ ನೋಡಿದಳು. ಮೇಸ್ತ್ರಿ ನಿಯಮ ಹೇಳಿದ. ಗಾಜಿಗೆ ಏನೂ ಸುತ್ತಿರಬಾರದು, ಕಾಗದ ಕೂಡದು, ಬಟ್ಟೆ ಕೂಡದು, ಕವರೂ ಕೂಡದು. ಅವಳು ಕೊನೆಯವರೆಗೂ ಕೇಳಿದಳು.

"ಅಂಟಿಸೇ," ಎಂದಳು ಕಸದಕ್ಕನಿಗೆ.

"ಅಮ್ಮಾ..."

"ಅಂಟಿಸು ಅಂದೆನಲ್ಲ. ನನ್ನ ಡಬ್ಬಿಗೋಸ್ಕರ ನಿನ್ನ ರಸ್ತೆ ಯಾಕೆ ಕಳ್ಕೋತೀಯ?"

ಕಸದಕ್ಕ ಅಂಟಿಸಿದಳು. ಚೀಟಿ ಸೊಟ್ಟಗಾಯಿತು. ಟೈಲರಮ್ಮ ಅದನ್ನು ಕಿತ್ತು, ಅಂಚಿಗೆ ಅಂಚು ಕೂಡಿಸಿ, ಇಸ್ತ್ರಿ ಮಾಡುವಂತೆ ಅಂಗೈಯಿಂದ ಒತ್ತಿದಳು. "ಅವಮಾನ ಮಾಡೋದಾದ್ರೂ ನೆಟ್ಟಗೆ ಮಾಡಿ," ಎಂದು ಮೇಸ್ತ್ರಿಯ ಮುಖ ನೋಡಿ ಹೇಳಿದಳು. "ಮುಂದಿನ ವಾರದಿಂದ ಕಾಗದ ಇರಲ್ಲ. ನಿಯಮ ಅಂದ್ಮೇಲೆ ನಿಯಮ." ಬಾಗಿಲು ಹಾಕಿಕೊಂಡ ಸದ್ದು ರಸ್ತೆಗೆಲ್ಲ ಕೇಳಿತು.

ಆ ವಾರವಿಡೀ ಕಸದಕ್ಕ ಮನೆಯಲ್ಲಿ ಪಾತ್ರೆ ಕುಕ್ಕಿದಳು. ಮಗಳು "ಯಾರ ಮೇಲಮ್ಮ ಸಿಟ್ಟು?" ಎಂದರೆ "ಎಲ್ಲರ ಮೇಲೆ" ಎಂದಳು. ಮೇಸ್ತ್ರಿಯ ಮೇಲೆ, ಅವನ ತಲೆಯ ಮೇಲೆ ಕೂತವನ ಮೇಲೆ, ಸುಮ್ಮನೆ ಅಂಟಿಸು ಎಂದ ಟೈಲರಮ್ಮನ ಮೇಲೆ, ಅಂಟಿಸಿಬಿಟ್ಟ ತನ್ನ ಕೈಯ ಮೇಲೆ. ಆ ಬಾಗಿಲ ಸದ್ದು ಯಾರ ಮುಖಕ್ಕೆ ಬಿದ್ದದ್ದು ಎಂದು ಯೋಚಿಸಿದಷ್ಟೂ ಅದು ತನ್ನ ಮುಖಕ್ಕೇ ಎನ್ನಿಸುತ್ತಿತ್ತು. ಇನ್ನು ಅಲ್ಲಿ ಬರಿಯ ಗಾಜು. ನೋಡಿಕೊಂಡು ಕೈ ಹಾಕಬೇಕು, ಎಲ್ಲ ಮನೆಯ ಹಾಗೆ.

ಮುಂದಿನ ವಾರ ಮೇಸ್ತ್ರಿ ಫೋನು ಹಿಡಿದುಕೊಂಡೇ ಅವಳ ಹಿಂದೆ ಬಂದ. ಟೈಲರಮ್ಮನ ಗೇಟಿನ ಬಳಿ ಹಸಿರು ಡಬ್ಬಿ ಇತ್ತು. ಬಾಗಿಲು ಮುಚ್ಚಿತ್ತು, ಒಳಗೆ ಮೆಷಿನ್ ಓಡುತ್ತಿತ್ತು.

ಡಬ್ಬಿಯ ಹೊರಮೈಯಲ್ಲಿ, ನಟ್ಟನಡುವೆ, ಮೇಲಿಂದ ಕೆಳಕ್ಕೆ ಒಂದು ಬಿಳಿಯ ಗೆರೆ ಎಳೆದಿತ್ತು. ಬಟ್ಟೆ ಕತ್ತರಿಸುವ ಮುನ್ನ ಟೈಲರಮ್ಮ ಎಳೆಯುತ್ತಾಳಲ್ಲ, ಅದೇ ಸೀಮೆಸುಣ್ಣ. ಎಡಕ್ಕೆ 'ತಗಡು' ಎಂದಿತ್ತು. ಬಲಕ್ಕೆ ಒತ್ತೊತ್ತಾಗಿ ಓರೆಗೀಟುಗಳು, ಅವುಗಳ ನಡುವೆ ಅದೇ ಗುಂಡಗಿನ ಅಕ್ಷರ: 'ಈ ಕಡೆ ಗಾಜು. ಕೈ ಬೇಡ.'

ಕಸದಕ್ಕ ಮುಚ್ಚಳ ತೆಗೆದಳು. ಒಡೆದ ಲೋಟದ ಚೂರುಗಳೆಲ್ಲ ಬಲಗಡೆ, ಅಂಚು ಡಬ್ಬಿಯ ಗೋಡೆಗೆ ಮಾಡಿ ಸಾಲಾಗಿ ನಿಂತಿದ್ದವು. ಅವು ಇತ್ತ ಜರುಗದಂತೆ ಎರಡು ತಗಡಿನ ಡಬ್ಬಗಳು ಅಡ್ಡ ಕೂತಿದ್ದವು. ಕಾಗದದ ಚೂರೂ ಇರಲಿಲ್ಲ.

ಮೇಸ್ತ್ರಿ ಬಗ್ಗಿ ನೋಡಿದ. ಫೋನು ಎತ್ತಿದ, ಇಳಿಸಿದ.

"ಗೆರೆಗೂ ಚೀಟಿ ಇದೆಯಾ ಸಾರ್?" ಎಂದಳು ಕಸದಕ್ಕ. ಅವಳ ದನಿ ಇನ್ನೂ ಬಿಸಿಯಾಗಿಯೇ ಇತ್ತು. "ಹುಡುಕಿ. ಎಲ್ಲಾದ್ರೂ ಬರೆದಿರ್ತಾರೆ."

ಅವನು ಮುಂದಿನ ಗೇಟಿಗೆ ನಡೆದ.

ಅವಳು ಎಡಗಡೆಯಿಂದ ಕೈ ಹಾಕಿ ತಗಡು ತೆಗೆದಳು. ಗಾಜನ್ನು ಗಾಡಿಯ ಪೆಟ್ಟಿಗೆಗೆ ಓರೆಮಾಡಿ ಸುರಿದಳು. ಖಾಲಿ ಡಬ್ಬಿಯನ್ನು ಎಲ್ಲ ಮನೆಯಂತೆ ಎಸೆಯದೆ ಗೇಟಿನವರೆಗೆ ಎತ್ತಿಕೊಂಡು ಬಂದು, ಹೋಗಿ ಬರುವವರ ತೋಳು ತಾಗಿ ಅಳಿಯದಂತೆ, ಗೆರೆ ಇದ್ದ ಮೈಯನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಳು.