ಬಾಗಿಲಾಚೆಯ ಚಪ್ಪಲಿ

ಕರಿಯಮ್ಮನ ತಲೆಗೆ ಸೀಗೆಪುಡಿ ತಿಕ್ಕುತ್ತಿದ್ದ ಸರೋಜಾಳ ಕೈ, ಆ ಮಾತು ಕಿವಿಗೆ ಬಿದ್ದದ್ದೇ ನಿಂತುಬಿಟ್ಟಿತು.

"ಇಟಲಿ ನೋಡ್ಕಂಡು ಬಂದಿದ್ದ ಜೀವ ಕಣಕ್ಕ," ಹೆಣಕ್ಕೆ ನೀರು ಹೊಯ್ಯುತ್ತಿದ್ದ ಪಕ್ಕದ ಮನೆ ನಾಗಮಣಿ ಮೂಗೊರೆಸಿಕೊಂಡಳು. "ನಮ್ಮ ಗೆಟ್ಟವಾಡೀಲಿ ಇನ್ಯಾರು ಓಗಿದ್ದರು?"

ಸತ್ತ ಮೇಲೂ ಇವಳದೇ ಮೆರವಣಿಗೆ! ಸರೋಜಾಳ ಹೊಟ್ಟೆ ಉರಿಯಿತು.

"ಸುಮ್ಕೆ ನೀರು ಉಯ್ಯಿ," ಎಂದಳು.

ಕರಿಯಮ್ಮ ಅವಳ ವಾರಗಿತ್ತಿ. ಕೂಲಿ ಇಲ್ಲದ ದಿನ ಇಬ್ಬರೂ ತಮ್ಮ ಕೇರಿಯ ಎಳೆಗೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆದವರು. ಚಾಮರಾಜನಗರದ ಡಾಕ್ಟರಮ್ಮ ಇಟಲಿಯಲ್ಲಿದ್ದ ಮಗಳ ಬಾಣಂತನಕ್ಕೆ ಮೊದಲು ಕರೆದದ್ದು ಸರೋಜಾಳನ್ನೇ. ವಿಮಾನ ಎಂದದ್ದಕ್ಕೆ ಹೆದರಿ ಇವಳು ಒಲ್ಲೆ ಎಂದಳು. ಕರಿಯಮ್ಮ ಹೋಗಿಯೇಬಿಟ್ಟಳು. ಹನ್ನೆರಡು ವರ್ಷವಾದರೂ ಆ ಸಂಕಟ ಆರಿರಲಿಲ್ಲ.

*

ಇಟಲಿಯಿಂದ ಬಂದ ವಾರವೇ, ಆಲೂಗೆಡ್ಡೆ ಕೀಳುವ ಹೊಲದಲ್ಲಿ ಕರಿಯಮ್ಮ ಕತೆ ಬಿಚ್ಚಿದ್ದಳು.

"ಬೆಟ್ಟದ ಮ್ಯಾಲೆ ಅಳೇ ಊರು ಕಣಮ್ಮಿ. ಊರ ತುದೀಲಿ ಪುಟ್ಟ ಚರ್ಚು, ನಮ್ಮ ಮಾರಿಗುಡಿಯಷ್ಟೇಯ. ಎಂಟುನೂರು ವರ್ಸದ್ದಂತೆ. ದೇವ್ರ ಮನೆ ಅಲ್ವಾ ಅಂತ ಚಪ್ಲಿ ಆಚೆ ಬುಟ್ಟು ಒಳಕ್ಕೋದೆ. ಅಲ್ಲಿ ಯಾರೂ ಬುಡದೇ ಇಲ್ವಂತೆ! ಕಲ್ಲಿನ ಚಳಿಗೆ ಕಾಲು ಮರಗಟ್ಟೋಯ್ತು. ಅಲ್ಲಿನ ಪೂಜಾರಿ, ಬೆಳ್ಳಗಿನ ಮುದುಕ, ನನ್ನ ಚಪ್ಲೀನ ಎರಡು ಕೈಲೂ ಎತ್ಕಂಡು ಬಂದು ನನ್ನ ಕಾಲತ್ರ ಮಡಗಿದ. ಅದೂ ಎಂಗೆ? ಬಾಗ್ಲು ಕಡೀಕೆ ತಿರುಗ್ಸಿ. ನಾನು ಅಂಗೇ ಮೆಟ್ಕಂಡು ಓಗ್ಲಿ ಅಂತ."

"ಸುಳ್ಳು!" ಎಂದಿದ್ದಳು ಸರೋಜಾ.

ಸಣ್ಣವರಿದ್ದಾಗ ಮೇಲುಜಾತಿಯವರ ಬೀದಿ ದಾಟಲು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ನಡೆದವರು ಇಬ್ಬರೂ. ಅಂಥವರ ಚಪ್ಪಲಿಯನ್ನು ಪೂಜಾರಿ ಮುಟ್ಟುವುದೆಂದರೇನು? ಆ ಕತೆ ಬಂದಾಗಲೆಲ್ಲ ಅವಳು ಸುಳ್ಳೆಂದಳು. ನಿಜವೆಂದು ಗೊತ್ತಿದ್ದೇ ಅಂದಳು. ವಿಮಾನ ಹಾಳಾಗಿ ಹೋಗಲಿ, ಅವಳ ಹೊಟ್ಟೆಕಿಚ್ಚೆಲ್ಲ ಆ ಪೂಜಾರಿಯ ಎರಡು ಕೈಗಳ ಮೇಲೆ. ತಾನು ಹೋಗಿದ್ದರೆ ಆ ಕೈಗಳು ಎತ್ತುತ್ತಿದ್ದದ್ದು ತನ್ನ ಚಪ್ಪಲಿಗಳನ್ನು.

*

ಹೆಣವನ್ನು ಅಂಗಳದ ಚಟ್ಟದ ಮೇಲೆ ಮಲಗಿಸಿ ಹಾರ ಹಾಕಿದ್ದಾಯಿತು. ಬಾಗಿಲಲ್ಲಿ ಕರಿಯಮ್ಮನ ಸವೆದ ಹವಾಯಿ ಚಪ್ಪಲಿ ಬಿದ್ದಿತ್ತು. ಅವಳ ಮಗ ಶಿವಮಲ್ಲು ಅದನ್ನು ಕಾಲಲ್ಲೇ ಪಕ್ಕಕ್ಕೆ ನೂಕಿದ.

"ಒದೀಬ್ಯಾಡ ಕಣ್ಲಾ!" ಸರೋಜಾ ಕೂಗಿದಳು.

ಎಲ್ಲರೂ ತಿರುಗಿ ನೋಡಿದರು.

"ಅರಿದೋಗಿರ ಚಪ್ಲಿ ಚಿಕ್ಕವ್ವ," ಎಂದ ಅವನು.

ಸರೋಜಾ ಕರಿಯಮ್ಮನ ಮುಖ ನೋಡಿದಳು. ಇನ್ನು ಯಾರಿಗೆ ಸುಳ್ಳು ಎನ್ನುವುದು? ಆ ಕತೆಯನ್ನು ಇನ್ನೊಂದು ಸಲ ಹೇಳುವವರು ಯಾರು?

ಅವಳು ಬಗ್ಗಿ ಎರಡೂ ಕೈಯಲ್ಲಿ ಚಪ್ಪಲಿಗಳನ್ನು ಎತ್ತಿಕೊಂಡಳು. ನೆಂಟರ ನಡುವೆ ನಡೆದು ಬಂದು ಕರಿಯಮ್ಮನ ಪಾದದ ಬಳಿ ಇಟ್ಟಳು. ಎರಡು ಹೆಜ್ಜೆ ಹಿಂದೆ ಸರಿದವಳು ಏನೋ ನೆನಪಾಗಿ ಮತ್ತೆ ಬಗ್ಗಿದಳು. ಚಪ್ಪಲಿಗಳನ್ನು ಬೀದಿಯ ಕಡೆಗೆ ತಿರುಗಿಸಿಟ್ಟಳು.