ಗ್ಲಾಸು ತೊಳೆಯುವ ಪಾಳಿ

ಕುಡಿತ ಬಿಡಲು ಹೊರಟವನಿಗೆ ಮೊದಲು ಬೇಕಾದದ್ದು ಕೂಡಲು ಒಂದು ಜಾಗ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮೂರು ಊರು ತಿರುಗಿ ನಾನೇ ತಿಳಿದುಕೊಂಡೆ.

೧೯೮೪ನೇ ಇಸವಿ. ನಾನು, ಸುಂಕಪ್ಪ, ದೇವದುರ್ಗದ ಒಂದು ಕಚೇರಿಯಲ್ಲಿ ಜವಾನನಾಗಿದ್ದೆ. ಹೆಂಡತಿ ಮಾನಮ್ಮ ತವರೂರು ಕಲ್ಲೂರಿಗೆ ಹೋಗಿ ಕೂತಿದ್ದಳು. ಜಗಳವಾಡಿ ಹೋಗಿದ್ದರೆ ನಾನು ಹೆದರುತ್ತಿರಲಿಲ್ಲ. ಅವಳು ಸೀರೆ ಮಡಚುತ್ತ ಸಮಾಧಾನದಿಂದ ಹೇಳಿದ್ದಳು: "ಮೂರು ತಿಂಗಳು ಒಂದು ಹನಿ ಮುಟ್ಟಬ್ಯಾಡ, ಬರ್ತೀನಿ. ಮುಟ್ಟಿದ್ರ ನಿನ್ನ ಹಾದಿ ನಿನಗ, ನನ್ನ ಹಾದಿ ನನಗ." ಅಂದದ್ದನ್ನು ಮಾಡುವ ಹೆಂಗಸು ಅವಳು. ನಾನೋ, ಹಲ್ಲು ಕಚ್ಚಿ ಕೂತರೆ ಎಂಟು ದಿನ. ಒಂಬತ್ತನೆಯ ದಿನ ಕಾಲು ತಾನೇ ಸಾರಾಯಿ ಅಂಗಡಿಗೆ ನಡೆಯುತ್ತಿತ್ತು. ರಾಯಚೂರಿನ ಡಾಕ್ಟರು ಹೇಳಿದರು, "ಒಬ್ಬನ ಕೈಲೆ ಆಗೂದಲ್ಲಪಾ ಇದು. ಬಿಟ್ಟವ್ರ ಜೋಡಿ ಹೋಗಿ ಕೂಡು."

ದೇವದುರ್ಗದಲ್ಲಿ ಸಿದ್ದರಾಮಪ್ಪ ಎಂಬ ಹಿರಿಯರು ಕುಡುಕರನ್ನು ಗುಡಿಯಲ್ಲಿ ಸೇರಿಸಿ, ಭಜನೆ ಹಾಡಿಸಿ, ಭಂಡಾರ ಮುಟ್ಟಿಸಿ ಆಣೆ ಮಾಡಿಸುತ್ತಿದ್ದರು. ಎಲ್ಲರೂ ಆ ಅರಿಷಿಣದ ಬಟ್ಟಲಲ್ಲಿ ಕೈಯಿಟ್ಟರು. ನನ್ನನ್ನು ಮೆಟ್ಟಿಲ ಕೆಳಗೆ ಕೂಡಿಸಿ, ಒಂದು ಎಲೆಯ ಮೇಲೆ ಎತ್ತರದಿಂದ ಒಂದು ಚಿಟಿಕೆ ಉದುರಿಸಿದರು. ನಾನು ಯಾವ ಕೇರಿಯವನೆಂದು ಊರಿಗೆಲ್ಲ ಗೊತ್ತಿತ್ತು. ಅಲ್ಲಿಂದ ನೆಟ್ಟಗೆ ಸಾರಾಯಿ ಅಂಗಡಿಗೆ ಹೋದೆ. ಅಲ್ಲಾದರೆ ಎಲ್ಲರಿಗೂ ಒಂದೇ ಗ್ಲಾಸು ನೋಡಿ.

ಮಾನ್ವಿಯಲ್ಲಿ ನಮ್ಮವರೇ ಕುಡಿತ ಬಿಡಲೆಂದು ಕೂಡಿಸಿದ್ದ ಸಂಘವೊಂದಿತ್ತು. ಹೋದರೆ ಮೂರೇ ಜನ. ಅವರಲ್ಲಿ ಇಬ್ಬರು ಚೀಕಲಪರ್ವಿಯ ಹೊಳೆದಂಡೆಯಲ್ಲಿ ನನ್ನ ಜೊತೆ ಸೇಂದಿ ಕುಡಿದವರು. ಹಳೆಯದನ್ನು ನೆನೆದು ನೆನೆದು ಎಲ್ಲರ ಬಾಯಲ್ಲೂ ನೀರು ಬಂತು. ಸಭೆ ಮುಗಿಸಿ ನಾಲ್ವರೂ ಕೂಡಿಯೇ ಹೋದೆವು. ಎಲ್ಲಿಗೆಂದು ಬೇರೆ ಹೇಳಬೇಕೆ.

ಕಡೆಗೆ ರಾಯಚೂರು. ಭಾನುವಾರ ನಾಲ್ಕು ಗಂಟೆಗೆ, ಒಂದು ಶಾಲೆಯ ಕೋಣೆಯಲ್ಲಿ ಕುಡಿತ ಬಿಟ್ಟವರ ಸಭೆ. ನಡೆಸುವವರು ಅಮೀರ್ ಸಾಬ್, ಬಟ್ಟೆ ಹೊಲಿಯುವವರು, ಹನ್ನೊಂದು ವರ್ಷದಿಂದ ಮುಟ್ಟದವರು. ಒಂಬತ್ತು ಜನ ದುಂಡಗೆ ಕುರ್ಚಿ ಹಾಕಿಕೊಂಡಿದ್ದರು. ನನಗೆ ಹತ್ತನೆಯದು ತಂದರು. ಕಚೇರಿಯಲ್ಲಿ ಕುರ್ಚಿ ಒರೆಸಿ ಗೊತ್ತಿತ್ತೇ ಹೊರತು ಕೂತು ಗೊತ್ತಿರಲಿಲ್ಲ. ಹೆಗಲ ಮೇಲಿನ ಟವೆಲ್ ಹಾಸಿ ಕೂತೆ. ಎದುರಿಗೆ ಬಿಳಿ ಧೋತರದಲ್ಲಿ ಸಿರವಾರದ ಹನುಮಂತ್ರಾಯ ಸಾವ್ಕಾರ. ಅವರ ಮನೆಯ ಕಟ್ಟೆಯನ್ನೂ ನಮ್ಮವರು ಹತ್ತುವಂತಿರಲಿಲ್ಲ. ಕುಡಿದು ಹೆತ್ತ ತಾಯಿಯ ಮೇಲೆ ಕೈ ಮಾಡಿದ್ದನ್ನು ಆತ ನಮ್ಮೆಲ್ಲರ ಮುಂದೆ ಹೇಳಿದ. ನಾನು ಮಾನಮ್ಮನ ವಿಷಯ ಹೇಳಿದೆ. ಯಾರೂ ಬುದ್ಧಿ ಹೇಳಲಿಲ್ಲ. ಎಲ್ಲರೂ ಒಂದೇ ಥರದ ಗ್ಲಾಸಿನಲ್ಲಿ ಚಹಾ ಕುಡಿದೆವು. ಇದೇ ನನ್ನ ಜಾಗ ಅನಿಸಿ ಹೊಟ್ಟೆ ತಣ್ಣಗಾಯಿತು.

ಆಗ ಅಮೀರ್ ಸಾಬ್ ನನ್ನ ಕಡೆ ತಿರುಗಿದರು. "ಸುಂಕಪ್ಪಾ, ಹಿಂದ ನಳ ಅದ. ಈ ಗ್ಲಾಸೆಲ್ಲಾ ತೊಳದಿಡ್ರಿ."

ನನಗೆ ನೆತ್ತಿಗೇರಿತು. ಹೆಸರಷ್ಟೇ ಕೇಳಿದವರು ಕುಲವನ್ನೂ ಹಿಡಿದುಬಿಟ್ಟಿದ್ದರು. "ಎಂಜಲ ತೊಳ್ಯಾಕ ಇಲ್ಲಿತನ ಬರಬೇಕಾಗಿರಲಿಲ್ಲರೀ. ನಮ್ಮೂರಾಗ ಬೇಕಾದಷ್ಟು ಅದ" ಎಂದು ಎದ್ದು ನಡೆದೆ.

ಬಸ್‌ಸ್ಟ್ಯಾಂಡಿನ ಹತ್ತಿರದ ಸಾರಾಯಿ ಅಂಗಡಿಯ ಬಾಗಿಲವರೆಗೂ ಹೋಗಿದ್ದೆ. ಬೆವರು ಒರೆಸಲು ಹೆಗಲಿಗೆ ಕೈ ಹಾಕಿದರೆ ಟವೆಲ್ ಇಲ್ಲ. ಸಿಟ್ಟು ಇಮ್ಮಡಿಯಾಯಿತು. ಅಂಥವರ ಕುರ್ಚಿಯ ಮೇಲೆ ನನ್ನ ಟವೆಲ್ ಯಾಕೆ ಬಿಡಲಿ? ಕುಡಿಯುವುದು ಆಮೇಲೆ ಇದ್ದೇ ಇದೆ ಎಂದು ತಿರುಗಿ ಹೋದೆ.

ಕೋಣೆಯ ಹಿಂದೆ, ಧೋತರ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತು, ಹನುಮಂತ್ರಾಯ ಸಾವ್ಕಾರ ಗ್ಲಾಸು ತೊಳೆಯುತ್ತಿದ್ದ. ಕೈಯಲ್ಲಿದ್ದುದು ನಾನು ಕುಡಿದ, ಅಂಚು ಒಡೆದ ಗ್ಲಾಸು.

"ನೀವ್ಯಾಕ ತೊಳ್ಯಾಕತ್ತೀರಿ?" ಅಂದೆ.

"ಹೊಸಬರ ಪಾಳಿ ಇದು. ಇನ್ನೊಬ್ಬ ಹೊಸಬ ಬರೂತನ ಬಿಡುಗಡಿ ಇಲ್ಲ. ಏಳು ವಾರ ಆತು ನಂದು. ನೀ ಬಂದಿ ಅಂತ ಖುಷಿಪಟ್ಟಿದ್ದೆ, ನೀ ನೋಡಿದ್ರ ಎದ್ದ ಹೋದಿ." ಆತ ತಲೆಯೆತ್ತಲಿಲ್ಲ. "ಮೊದಲನೇ ವಾರ ನಾನೂ ಬೈದ ಹೋಗಿದ್ದೆ. ಮನ್ಯಾಗ ಒಂದು ತಂಬಿಗಿ ಎತ್ತಿಟ್ಟಾವಲ್ಲ ನಾ."

ನನಗೆ ಬಹಳ ನಾಚಿಕೆಯಾಯಿತು. ಪಕ್ಕದಲ್ಲಿ ಕೂತು ಗ್ಲಾಸು ಇಸಿದುಕೊಂಡೆ. "ಸರೀರಿ ಸಾವ್ಕಾರ್ರ. ಬೂದಿನೇ ಹಚ್ಚಿಲ್ಲ, ಜಿಡ್ಡು ಹಂಗ ಅದ."

ಆಮೇಲೆ ಹನ್ನೆರಡು ಭಾನುವಾರ ಒಬ್ಬನೂ ಹೊಸಬ ಬರಲಿಲ್ಲ. ನನ್ನ ಹಣೆಬರಹ. ಒಂದು ವಾರವೂ ತಪ್ಪಿಸದೆ ತೊಳೆದೆ, ಒಂದು ಹನಿಯನ್ನೂ ಮುಟ್ಟಲಿಲ್ಲ.

ಹದಿಮೂರನೆಯ ಭಾನುವಾರ, ನಾನು ಕಾಗದದಲ್ಲಿ ಬರೆದಿದ್ದ ಶಾಲೆಯ ಗುರುತು ಹಿಡಿದು, ಮಾನಮ್ಮ ಹೇಳದೆ ಕೇಳದೆ ಬಂದಳು. ನನ್ನನ್ನು ಅವಳು ಕಂಡದ್ದು ನಳದ ಬಳಿ, ಮೊಣಕೈವರೆಗೂ ಬೂದಿಯಲ್ಲಿ. ಅವಳ ಮುಖ ಕಪ್ಪಿಟ್ಟಿತು.

"ಇಲ್ಲೂ ಇದ ಏನು ನಿನಗ? ಮಂದಿ ಎಂಜಲ ತೊಳ್ಯಾಕ ವಾರಾ ಬರ್ತಿ?"

"ನನ್ನಕಿಂತ ಮೊದಲು ಸಿರವಾರದ ಸಾವ್ಕಾರ್ರು ತೊಳೀತಿದ್ರು" ಅಂದೆ.

ಮಾನಮ್ಮ ಬಗ್ಗಿ ನನ್ನ ಬಾಯಿ ಮೂಸಿ ನೋಡಿದಳು. ಸಾರಾಯಿಯ ವಾಸನೆಯಿಲ್ಲ. ಮತ್ತೊಮ್ಮೆ ಮೂಸಿದಳು.

"ಖರೇನ ಹೇಳ್ಯಾನಬೇ ಯವ್ವಾ," ಹಿಂದಿನಿಂದ ಹನುಮಂತ್ರಾಯ ಅಂದ. "ಏಳು ವಾರ ತೊಳದೀನಿ. ನಿನ್ನ ಗಂಡನಷ್ಟು ಚಲೋ ಬರಲಿಲ್ಲ."

ಅವಳು ಆತನ ಬಿಳಿ ಧೋತರ ನೋಡಿದಳು, ನನ್ನ ಬೂದಿಯ ಕೈ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಾಗಿಲ ಬಳಿ ಅವಳ ಬಟ್ಟೆಯ ಗಂಟು ಇದ್ದದ್ದನ್ನು ನಾನು ನೋಡಿದ್ದು ಆಗಲೇ.

"ಇನ್ನೆಷ್ಟದಾವ ಗ್ಲಾಸು?"

"ನಾಕು."

"ಲಗೂ ತೊಳಿ," ಅಂದಳು. "ದೇವದುರ್ಗದ ಬಸ್ಸು ತಪ್ಪತದ."