ಸೀಮೆಗಲ್ಲಿನಾಚೆ ಬಿಟ್ಟ ಬಂಡಿ

ಕುರುಗೋಡು ಗುಡ್ಡದ ಚಿತ್ರ ಮೂರು ಬೇಕೆಂದು ರಾಣಿ ಸರಕಾರದ ದೊರೆಯೊಬ್ಬ ಅಪ್ಪಣೆ ಮಾಡಿದ್ದ. ಬಿಸಿಲಿನದೊಂದು, ಗಾಳಿಯದೊಂದು, ಮಳೆಯದೊಂದು. ಬಯಲಲ್ಲಿ ಕೂತು ನೋಡಿಯೇ ಬರೆಯಬೇಕು. ಕಣ್ಣಿಗೆ ಬಿದ್ದದ್ದನ್ನು ಬಿಡುವಂತಿಲ್ಲ, ಬೀಳದ್ದನ್ನು ಸೇರಿಸುವಂತಿಲ್ಲ. ದೊರೆ ಮಾತ್ರ ಬಳ್ಳಾರಿಯ ಬಂಗಲೆಯಲ್ಲಿ ಪಂಖದ ಕೆಳಗೆ ಕೂತು ಪ್ರಕೃತಿಯನ್ನು ಪ್ರೀತಿಸುತ್ತಿದ್ದ. ಮೂರೂ ಮೆಚ್ಚುಗೆಯಾದರೆ ಚಿತ್ರಗಾರ ಗಾದಿಲಿಂಗಪ್ಪನಿಗೆ ನಕಾಶೆ ಕಚೇರಿಯಲ್ಲಿ ಕಾಯಂ ನೌಕರಿ.

ಬಿಸಿಲಿನ ಚಿತ್ರ ಮುಗಿಯುವಷ್ಟರಲ್ಲಿ ಅವನ ಮೂಗಿನ ಸಿಪ್ಪೆ ಸುಲಿದಿತ್ತು. ಗಾಳಿಯ ಚಿತ್ರದಲ್ಲಿ ಬಣ್ಣಕ್ಕಿಂತ ಧೂಳೇ ಹೆಚ್ಚು. ಉಳಿದದ್ದು ಮಳೆ. ಅದಕ್ಕಾಗಿ ಊರಿನ ಕೊಟ್ರಮ್ಮನ ಪಡಸಾಲೆಯಲ್ಲಿ ಬಿಡಾರ ಹೂಡಿ ಕಾದ. ಮಳೆಗಿಂತ ಮೊದಲು ವಾಂತಿಭೇದಿ ಬಂತು.

ಮಳೆ ಹಿಡಿದ ದಿನವೇ ಊರವರು ಬೇನೆ ತಂದ ಅಮ್ಮನನ್ನು ಸಾಗಹಾಕಿದರು. ಪುಟ್ಟ ಬಂಡಿಯಲ್ಲಿ ಬೇವು, ಬಳೆ, ಸೀರೆ ಉಡಿಸಿದ ಮರದ ಗೊಂಬೆ. ಸೀಮೆಗಲ್ಲಿನಾಚೆ ಎಳೆದು ಬಿಟ್ಟು, ಹಿಂದಿರುಗಿ ನೋಡದೆ ನಡೆದರು. ಇನ್ನು ಮುಂದಿನ ಊರಿನವರು ತಮ್ಮ ಗಡಿ ದಾಟಿಸಿಕೊಳ್ಳಲಿ. ಅಲ್ಲೇ ಕೊಡೆ ಹಿಡಿದು ಬರೆಯುತ್ತಿದ್ದ ಗಾದಿಲಿಂಗಪ್ಪನ ಗುಡ್ಡದ ಮುಂದೆ, ನಟ್ಟನಡುವೆ, ಬಂಡಿ ನಿಂತಿತು. ಕಣ್ಣಿಗೆ ಬಿತ್ತು, ಬರೆದ.

ಒಲೆಯ ಬಳಿ ಹಾಳೆ ಒಣಗಿಸುವಾಗ ಕೊಟ್ರಮ್ಮ ಬಗ್ಗಿ ನೋಡಿದಳು.

“ಯಪ್ಪಾ, ಊರೆಲ್ಲಾ ಕೂಡಿ ಹೊರಗ ಹಾಕಿದ್ದನ್ನ ಕಂಕುಳಾಗ ಇಟ್ಕೊಂಡು ಬಂದಿಯಲ್ಲೋ!”

“ಇದು ಬರೇ ಕಾಗದ ಐತಿ, ಯವ್ವಾ.”

“ಅದೂ ಬರೇ ಕಟಿಗಿನ ಇತ್ತು. ಸೀರಿ ಯಾಕ ಉಡಿಸಿದ್ವಿ?”

“ದೊರಿ ಕೆಲಸ ಕಾಯಂ ಮಾಡ್ತಾನ. ಇದೊಂದು ಇರ್ಲಿ.”

“ನಿನ್ನ ದೊರಿಗೆ ಗುಡ್ಡ ಸಾಲಲಿಲ್ಲೇನು? ಸೀಮಿ ಆಚಿ ಇಟ್ಟು ಬಾ, ನನ್ನಪ್ಪ. ನೀರು ಕುಡದು ಹೋಗು.”

ಅವಳ ಕೊಡದ ನೀರು ಕುಡಿದ. ಸೀಮೆಯತನಕ ಹೋಗಲಿಲ್ಲ. ಹಾಳೆಯನ್ನು ಚೀಲದ ತಳಕ್ಕೆ ಸೇರಿಸಿ, ಓಣಿ ಸುತ್ತಿ ಬಂದು, ಇಟ್ಟುಬಂದೆನೆಂದ.

ಮರುದಿನ ಮಧ್ಯಾಹ್ನ ಕೊಟ್ರಮ್ಮನ ಹೆಣವನ್ನು ಗೋಡೆಗೊರಗಿಸಿ ಕೂರಿಸಿ ವಿಭೂತಿ ಹಚ್ಚಿದ್ದರು.

“ನೀವು ಅದನ್ನ ಇಟ್ಟು ಬಂದ್ರಂತ ಸಾಯೂಮಟ ಸಮಾಧಾನ ಇದ್ಲು ನೋಡ್ರಿ,” ಎಂದ ಮಗ ಮರಿಬಸಪ್ಪ.

ಗಾದಿಲಿಂಗಪ್ಪ ಮಣ್ಣಿಗೆ ನಿಲ್ಲಲಿಲ್ಲ. ಸೀಮೆಗಲ್ಲಿನ ಬಳಿ ಬಂದು ಹಾಳೆ ಹೊರತೆಗೆದ. ಅಮ್ಮನ ಬಂಡಿ ಅಲ್ಲಿರಲಿಲ್ಲ. ಗಾಲಿಯ ಗುರುತು ಬಳ್ಳಾರಿಯ ಕಡೆ ಹೋಗಿತ್ತು. ಹಾಳೆಯ ಮೇಲೆ ನಾಲ್ಕು ಹನಿ ಬಿದ್ದು ಗುಡ್ಡದ ಬಣ್ಣ ಹರಡಿ ಮಳೆ ಇನ್ನಷ್ಟು ಮಳೆಯಾಯಿತು. ದೊರೆ ಮೆಚ್ಚದೆ ಇರಲಾರ. ಮತ್ತೆ ಚೀಲಕ್ಕೆ ಹಾಕಿದ.

ದಾರಿಯಲ್ಲಿ ಹೊಟ್ಟೆ ತಿರುಚಿತು. ಹಸಿವು ಅಂದುಕೊಂಡ.

ಬಳ್ಳಾರಿಯ ಕೌಲ್ ಬಜಾರಿನ ಮನೆಯ ಬಾಗಿಲಲ್ಲಿ ಹೆಂಡತಿ ದಾಕ್ಷಾಯಣಮ್ಮ, ಬಗಲಲ್ಲಿ ಕೂಸು.

“ಏನ್ ತಂದೀರಿ ನಮಗ?”

“ಕಾಯಂ ನೌಕರಿ,” ಎಂದು ಕೂಸಿನ ಗಲ್ಲ ಹಿಂಡಿದ. ಬಾಯಿ ಒಣಗಿತ್ತು. ಅವಳು ನೀರು ಕೊಡುವತನಕ ಕಾಯಲಾರದೆ, ಒಳಗೆ ಹೋಗಿ ಮನೆಮಂದಿಯೆಲ್ಲ ಕುಡಿಯುವ ಹಂಡೆಗೆ ಬೊಗಸೆ ಅದ್ದಿದ.